ಹದಿನೈದರಲ್ಲಿ ಮೂರೇ ಮೂರು

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ ಎಂಟು ಪಂದ್ಯ ಆಡಿತು, 15 ಗೋಲು ಹೊಡೆಯಿತು, ಕಂಚು ತಂದಿತು. ಆ ಸಂಭ್ರಮದಲ್ಲಿ ಗೋಲುಗಳ ಲೆಕ್ಕವನ್ನು ಬಿಡಿಸಿ ನೋಡಿದವರು ಕಡಿಮೆ. ಹದಿನೈದರಲ್ಲಿ ಒಂಬತ್ತು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದ, ಮೂರು ಪೆನಾಲ್ಟಿ ಸ್ಟ್ರೋಕ್‌ನಿಂದ. ಆಟದ ಓಟದಲ್ಲೇ ಚೆಂಡನ್ನು ಕೊಂಡೊಯ್ದು ಹೊಡೆದ ಫೀಲ್ಡ್ ಗೋಲುಗಳು ಮೂರೇ ಮೂರು. ನಾಯಕ ಹರ್ಮನ್‌ಪ್ರೀತ್ ಸಿಂಗ್ ಒಬ್ಬರೇ 10 ಗೋಲು ಗಳಿಸಿ ಇಡೀ ಟೂರ್ನಿಯ ಅಗ್ರ ಸ್ಕೋರರ್ ಆದರು. ಆದರೆ ಅವರು ಡಿಫೆಂಡರ್. ಗೋಲು ಹೊಡೆಯುವುದಕ್ಕೆಂದೇ ತಂಡದಲ್ಲಿದ್ದ ಐವರು ಫಾರ್ವರ್ಡ್‌ಗಳು ಸೇರಿ ಗಳಿಸಿದ್ದು ನಾಲ್ಕು: ಅಭಿಷೇಕ್ ಎರಡು, ಮನ್‌ದೀಪ್ ಸಿಂಗ್ ಒಂದು, ಸುಖ್‌ಜೀತ್ ಸಿಂಗ್ ಒಂದು. ಲಲಿತ್ ಉಪಾಧ್ಯಾಯ ಮತ್ತು ಗುರ್ಜಂತ್ ಸಿಂಗ್ ಖಾತೆಯನ್ನೇ ತೆರೆಯಲಿಲ್ಲ. ಈ ನಾಲ್ಕರಲ್ಲೂ ಮನ್‌ದೀಪ್ ಮತ್ತು ಸುಖ್‌ಜೀತ್ ಅವರವು ಕಾರ್ನರ್‌ನಿಂದಲೇ ಹುಟ್ಟಿದವು. ಮೂರನೆಯ ಫೀಲ್ಡ್ ಗೋಲು ಮಿಡ್‌ಫೀಲ್ಡರ್ ವಿವೇಕ್ ಸಾಗರ್ ಪ್ರಸಾದ್ ಅವರದು. ಹೀಗಾಗಿ ಒಂದು ಇಡೀ ಒಲಿಂಪಿಕ್ಸ್‌ನಲ್ಲಿ ಭಾರತದ ಫಾರ್ವರ್ಡ್ ಪಡೆ ತೆರೆದ ಆಟದಲ್ಲಿ ಹೊಡೆದ ಗೋಲು ಎರಡು, ಅವೆರಡೂ ಒಬ್ಬನ ಸ್ಟಿಕ್ಕಿನಿಂದ ಬಂದವು.

2026ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಜಂಟಿಯಾಗಿ ವಿಶ್ವಕಪ್ ನಡೆಸುತ್ತಿವೆ. ಅದು ಮುಗಿದ ಮೂರು ವಾರಕ್ಕೆ ಜಪಾನಿನ ಐಚಿ–ನಗೋಯಾದಲ್ಲಿ ಏಷ್ಯನ್ ಗೇಮ್ಸ್. ಅಲ್ಲಿ ಚಿನ್ನ ಗೆದ್ದವರಿಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಇಂಥ ಋತುವಿನ ಮುಂದೆ ನಿಂತಾಗ ಹಾಕಿ ಪ್ರಿಯರ ಚರ್ಚೆ ಹೆಸರುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಮನ್‌ದೀಪ್‌ಗೆ ವಯಸ್ಸಾಯಿತೇ, ದಿಲ್‌ಪ್ರೀತ್ ಸಿಂಗ್ ಅವರನ್ನು ಇನ್ನೂ ನೆಚ್ಚಬಹುದೇ, ಜೂನಿಯರ್ ತಂಡದಿಂದ ಯಾರನ್ನು ಮೇಲೆ ತರಬೇಕು ಎಂಬುವೇ ಪ್ರಶ್ನೆಗಳು. ಹೆಸರುಗಳ ಚರ್ಚೆ ಬೇಡವೆಂದಲ್ಲ, ಮುಂದೆ ಅದಕ್ಕೂ ಬರುತ್ತೇನೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು, ಈ ಫಾರ್ವರ್ಡ್‌ಗಳಿಂದ ನಾವು ಯಾವ ಕೆಲಸ ಬಯಸುತ್ತಿದ್ದೇವೆ ಎಂದು. ಕೆಲವು ವರ್ಷಗಳಿಂದ ನಾವು ಅವರನ್ನು ಕಾರ್ನರ್ ಸಂಪಾದಿಸುವವರನ್ನಾಗಿ, ಎದುರಾಳಿಯ ಡಿಫೆಂಡರ್‌ಗಳ ಬೆನ್ನು ಹತ್ತಿ ಓಡುವವರನ್ನಾಗಿ ಮಾಡಿಕೊಂಡಿದ್ದೇವೆ. ಗೋಲು ಹೊಡೆಯುವ ಹೊಣೆ ಹಿಂದಿನ ಸಾಲಿನ ಒಬ್ಬನ ಮೇಲೆ ಬಿದ್ದಿದೆ. ಈ ಏರ್ಪಾಡು ಏಷ್ಯಾದಲ್ಲಿ ಗೆಲ್ಲಿಸುತ್ತದೆ, ಅದೃಷ್ಟ ಜತೆಗಿದ್ದರೆ ಕಂಚನ್ನೂ ಕೊಡುತ್ತದೆ. ವಿಶ್ವಕಪ್ ಸೆಮಿಫೈನಲ್‌ಗೆ ಮಾತ್ರ ಇದು ಸಾಲದು.

ಪ್ರತಿಭೆ ಇಲ್ಲದ್ದರಿಂದ ಹೀಗಾಗಿದೆ ಎನ್ನುವವರು ಟೋಕಿಯೊವನ್ನು ಮರೆತಿರುತ್ತಾರೆ. 2021ರಲ್ಲಿ ನಡೆದ ಆ ಒಲಿಂಪಿಕ್ಸ್‌ನಲ್ಲೂ ಭಾರತ ಆಡಿದ್ದು ಎಂಟೇ ಪಂದ್ಯ, ಗಳಿಸಿದ್ದು 25 ಗೋಲು. ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 3–1ರ ಗೆಲುವು ಬಂತು. ಮೂರೂ ಫೀಲ್ಡ್ ಗೋಲುಗಳೇ. ದಿಲ್‌ಪ್ರೀತ್ ಏಳನೇ ನಿಮಿಷದಲ್ಲಿ, ಗುರ್ಜಂತ್ ಹದಿನಾರನೆಯದರಲ್ಲಿ ಹೊಡೆದರು. ಕೊನೆಯ ಗಳಿಗೆಯಲ್ಲಿ ಹಾರ್ದಿಕ್ ಸಿಂಗ್ ಒಬ್ಬರೇ ನುಗ್ಗಿ ಮೂರನೆಯದನ್ನು ಸೇರಿಸಿದರು. ಕಂಚಿನ ಪದಕದ ಪಂದ್ಯದಲ್ಲಿ ಜರ್ಮನಿಯನ್ನು 5–4ರಿಂದ ಮಣಿಸಿದಾಗ ಎರಡು ಗೋಲು ಹೊಡೆದವರು ಫಾರ್ವರ್ಡ್ ಸಿಮ್ರನ್‌ಜೀತ್ ಸಿಂಗ್. ಮೂಲತಃ ಮೀಸಲು ಆಟಗಾರನಾಗಿದ್ದ ಅವರಿಗೆ ಕೋವಿಡ್ ಕಾಲದ ನಿಯಮ ಸಡಿಲಿಕೆಯಿಂದ ಮೈದಾನದ ಬಾಗಿಲು ತೆರೆದಿತ್ತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲೂ ಕ್ವಾರ್ಟರ್‌ಫೈನಲ್ ಎದುರಾಳಿ ಬ್ರಿಟನ್ನೇ. ಈ ಸಲ ನಿಗದಿತ ಅವಧಿಯಲ್ಲಿ 1–1. ಭಾರತದ ಆ ಒಂದು ಗೋಲು ಕಾರ್ನರ್‌ನಿಂದ ಬಂತು, ಗೆಲುವು ಶೂಟೌಟ್‌ನಲ್ಲಿ ದಕ್ಕಿತು. ಅಮಿತ್ ರೋಹಿದಾಸ್ ಹದಿನೇಳನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರಿಂದ ತಂಡ ಹತ್ತೇ ಮಂದಿಯೊಂದಿಗೆ ಆಡಬೇಕಾಯಿತು ಎಂಬುದನ್ನು ಒಪ್ಪೋಣ. ಆ ಒಂದು ಪಂದ್ಯಕ್ಕೆ ಆ ಸಮಾಧಾನ ಸಲ್ಲುತ್ತದೆ. ಉಳಿದ ಏಳಕ್ಕೆ ಸಲ್ಲುವುದಿಲ್ಲ.

ವಿಶ್ವಕಪ್‌ನ ಚರಿತ್ರೆಯಂತೂ ಇನ್ನೂ ಕಹಿ. 1975ರಲ್ಲಿ ಕ್ವಾಲಾಲಂಪುರದಲ್ಲಿ ಕಪ್ ಗೆದ್ದ ಮೇಲೆ ಭಾರತ ಒಮ್ಮೆಯೂ ಸೆಮಿಫೈನಲ್ ಮುಟ್ಟಿಲ್ಲ. 2018ರಲ್ಲಿ ಭುವನೇಶ್ವರದಲ್ಲಿ ನೆದರ್ಲೆಂಡ್ಸ್ ಎದುರು ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲ ಗೋಲು ನಮ್ಮದೇ ಆಗಿತ್ತು, ಕೊನೆಗೆ 1–2. ಎರಡನೆಯ ಗೋಲು ಹುಟ್ಟಲೇ ಇಲ್ಲ. 2023ರಲ್ಲಿ ಭುವನೇಶ್ವರ, ರೂರ್ಕೆಲಾಗಳ ತುಂಬಿದ ಕ್ರೀಡಾಂಗಣಗಳ ಮುಂದೆ ಇಂಗ್ಲೆಂಡ್ ವಿರುದ್ಧ 0–0, ನ್ಯೂಜಿಲೆಂಡ್ ವಿರುದ್ಧ 3–3 ಆಗಿ ಶೂಟೌಟ್‌ನಲ್ಲಿ ಸೋಲು, ಕೊನೆಗೆ ಜಂಟಿ ಒಂಬತ್ತನೇ ಸ್ಥಾನ. ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಆ ಟೂರ್ನಿಯಲ್ಲಿ ಹರ್ಮನ್‌ಪ್ರೀತ್ ಅವರ ಕಾರ್ನರ್ ಫ್ಲಿಕ್ ಕೈಕೊಟ್ಟಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಜಗತ್ತಿನ ಶ್ರೇಷ್ಠ ಡ್ರ್ಯಾಗ್‌ಫ್ಲಿಕರ್‌ಗೂ ಎರಡು ವಾರ ಕೈ ಹಿಡಿತ ತಪ್ಪಬಹುದು, ಅದರಲ್ಲಿ ಅಚ್ಚರಿಯೇನೂ ಇಲ್ಲ. ಆಗ ತಂಡವನ್ನು ಹೊತ್ತೊಯ್ಯಲು ಬೇರೆ ದಾರಿಯೇ ಇಲ್ಲದಿದ್ದುದೇ ಹೆಚ್ಚು ಕಳವಳದ ಸಂಗತಿ. ಒಂದೇ ಬಾವಿಯನ್ನು ನಂಬಿ ತೋಟ ಮಾಡಿದವನಿಗೆ ಮಳೆಗಾಲದಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ.

ಫಾರ್ವರ್ಡ್‌ನ ಕೆಲಸ ಹೇಗೆ ಬದಲಾಯಿತು ಎಂಬುದನ್ನು ಸ್ವಲ್ಪ ನೋಡಬೇಕು. ಈಗ ಪಂದ್ಯವೆಂದರೆ ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್. ಆಟಗಾರರ ಬದಲಾವಣೆಗೆ ಮಿತಿಯಿಲ್ಲ. ಫಾರ್ವರ್ಡ್ ಕೆಲವೇ ನಿಮಿಷ ಜೀವ ಬಿಟ್ಟು ಓಡಿ ಬೆಂಚಿಗೆ ಮರಳುತ್ತಾನೆ, ಉಸಿರು ಸುಧಾರಿಸಿಕೊಂಡು ಮತ್ತೆ ಇಳಿಯುತ್ತಾನೆ. ಎದುರಾಳಿಯ ಡಿಫೆಂಡರ್ ಚೆಂಡನ್ನು ಮುಂದಕ್ಕೆ ಕಳಿಸದಂತೆ ಅಡ್ಡಗಟ್ಟುವುದು, ಅಂದರೆ ಪ್ರೆಸ್ ಮಾಡುವುದು, ಅವನ ಮೊದಲ ಕರ್ತವ್ಯ. ಚೆಂಡು ಸಿಕ್ಕಿದ ಮೇಲೆ ‘ಡಿ’ ಆವರಣಕ್ಕೆ ನುಗ್ಗಬೇಕು. ಗೋಲುಪೆಟ್ಟಿಗೆಯಿಂದ 14.63 ಮೀಟರ್ ದೂರದ ಆ ಗೆರೆಯೊಳಗೆ ಅವನ ಮುಂದೆ ಎರಡು ಆಯ್ಕೆಗಳಿರುತ್ತವೆ. ಒಂದು, 3.66 ಮೀಟರ್ ಅಗಲದ ಗೋಲಿಗೆ ತಾನೇ ಗುರಿ ಇಡುವುದು. ಇನ್ನೊಂದು, ಡಿಫೆಂಡರ್‌ನ ಕಾಲು ಹುಡುಕಿ ಚೆಂಡು ತಾಗಿಸಿ ಕೈ ಎತ್ತಿ ಕಾರ್ನರ್ ಕೇಳುವುದು. ಎರಡನೆಯದು ಸುಲಭ, ಅಪಾಯವೂ ಕಡಿಮೆ. ಹೊಡೆದು ತಪ್ಪಿದರೆ ಬೈಗುಳ, ಕಾರ್ನರ್ ಸಿಕ್ಕರೆ ಬೆನ್ನು ತಟ್ಟುವಿಕೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಫಾರ್ವರ್ಡ್‌ನ ಕಣ್ಣು ಗೋಲುಪೆಟ್ಟಿಗೆಯನ್ನು ಬಿಟ್ಟು ಕಾಲುಗಳ ಮೇಲೆ ನೆಡುತ್ತದೆ. ತಲೆ ಎತ್ತಿ ಗೋಲ್‌ಕೀಪರ್ ಎಲ್ಲಿ ನಿಂತಿದ್ದಾನೆ, ಎರಡನೇ ಕಂಬದ ಬಳಿ ಯಾರಿದ್ದಾರೆ ಎಂದು ನೋಡುವ ಅರೆಕ್ಷಣ ಅವನಿಗೆ ಉಳಿಯುವುದಿಲ್ಲ. ಇದು ಅಭ್ಯಾಸದಿಂದ ಬಂದ ಕುರುಡು. ಹಾಗಾಗಿ ಅಭ್ಯಾಸದಿಂದಲೇ ಹೋಗಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಹರ್ಮನ್‌ಪ್ರೀತ್ ಹೊಡೆದ ಪ್ರತಿ ಕಾರ್ನರ್ ಗೋಲಿನ ಹಿಂದೆ ಆ ಕಾರ್ನರ್ ಗಿಟ್ಟಿಸಿದ ಒಬ್ಬ ಫಾರ್ವರ್ಡ್ ಇರುತ್ತಾನೆ, ಅಂಕಪಟ್ಟಿಯಲ್ಲಿ ಅವನ ಹೆಸರು ಬರುವುದಿಲ್ಲ ಅಷ್ಟೇ. ಸುಖ್‌ಜೀತ್ ಅಂಥವರ ಬೆವರನ್ನು ಗೋಲಿನ ಸಂಖ್ಯೆಯಿಂದ ಅಳೆಯುವುದು ಅನ್ಯಾಯ ಎಂಬ ಮಾತು ನಿಜ. ಆದರೆ ಕಾರ್ನರ್‌ನ ಫಸಲಿಗೂ ಒಂದು ಮಿತಿಯಿದೆ. ಮೂರಕ್ಕೊಂದು ಗೋಲಾದರೆ ಅದೇ ದೊಡ್ಡ ಮಾತು. ಗೋಲುಗೆರೆಯ ಹಿಂದೆ ನಿಲ್ಲುವ ಐವರಲ್ಲಿ ಮೊದಲು ನುಗ್ಗಿ ಬರುವವನು ಈಗ ಮಂಡಿಗೆ ಕವಚ, ಮುಖಕ್ಕೆ ಮುಖವಾಡ ತೊಟ್ಟು ಚೆಂಡಿಗೆ ಮೈಯೊಡ್ಡುತ್ತಾನೆ. ಫ್ಲಿಕರ್‌ನ ಹೆಜ್ಜೆ, ಭುಜದ ತಿರುವು, ಅವನಿಗೆ ಇಷ್ಟವಾದ ಮೂಲೆ ಎಲ್ಲವನ್ನೂ ಎದುರಾಳಿಗಳು ವಿಡಿಯೊದಲ್ಲಿ ನೋಡಿ ಅರೆದು ಕುಡಿದಿರುತ್ತಾರೆ. ನಿಯಮದಲ್ಲೂ ಒಂದು ತೊಡಕಿದೆ. ಕಾರ್ನರ್ ಘೋಷಣೆಯಾದ ಮೇಲೆ ಅದು ಮುಗಿಯುವ ತನಕ ಆಟಗಾರರನ್ನು ಬದಲಿಸುವಂತಿಲ್ಲ. ಹರ್ಮನ್‌ಪ್ರೀತ್ ಆ ಗಳಿಗೆ ಬೆಂಚಿನಲ್ಲಿದ್ದರೆ, ಕಾರ್ಡ್ ಪಡೆದು ಹೊರಗಿದ್ದರೆ, ಬೆರಳಿಗೆ ಪೆಟ್ಟಾಗಿ ಕೂತಿದ್ದರೆ, ಫಾರ್ವರ್ಡ್ ಬೆವರು ಸುರಿಸಿ ತಂದ ಕಾರ್ನರ್‌ನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಜುಗರಾಜ್ ಸಿಂಗ್, ಅಮಿತ್ ರೋಹಿದಾಸ್ ಇದ್ದಾರಲ್ಲ ಎನ್ನಬಹುದು. ಇದ್ದಾರೆ, ಒಳ್ಳೆಯವರೇ. ದೊಡ್ಡ ಪಂದ್ಯದ ಐವತ್ತೈದನೇ ನಿಮಿಷದಲ್ಲಿ ಎದುರಾಳಿಗಳು ಹೆದರುವ ಹೆಸರು ಮಾತ್ರ ಇವತ್ತಿಗೂ ಒಂದೇ.

ಇನ್ನೊಂದು ಆಕ್ಷೇಪ, ಇಡೀ ಜಗತ್ತೇ ಕಾರ್ನರ್ ಮೇಲೆ ಬದುಕುತ್ತಿರುವಾಗ ಭಾರತವನ್ನು ಮಾತ್ರ ದೂರುವುದೇಕೆ ಎಂಬುದು. ಬೆಲ್ಜಿಯಂಗೆ ಅಲೆಕ್ಸಾಂಡರ್ ಹೆಂಡ್ರಿಕ್ಸ್, ನೆದರ್ಲೆಂಡ್ಸ್‌ಗೆ ಯಿಪ್ ಯಾನ್ಸೆನ್, ಜರ್ಮನಿಗೆ ಗೊನ್ಸಾಲೊ ಪೆಯಾಟ್ ಇದ್ದಾರಲ್ಲ? ಪೆಯಾಟ್ ರಿಯೊದಲ್ಲಿ ಅರ್ಜೆಂಟೀನಾ ಪರ 11 ಗೋಲು ಹೊಡೆದು ಚಿನ್ನ ಗೆಲ್ಲಿಸಿದವರು, ಆಮೇಲೆ ಜರ್ಮನಿಗೆ ಹೋದವರು. ಇದಕ್ಕೆ ಉತ್ತರ ಪ್ಯಾರಿಸ್ ಸೆಮಿಫೈನಲ್‌ನಲ್ಲೇ ಇದೆ. ಭಾರತ ಮೊದಲ ಗೋಲನ್ನು ಕಾರ್ನರ್‌ನಿಂದ ಹೊಡೆಯಿತು. ಜರ್ಮನಿಯ ಸಮಬಲ ಪೆಯಾಟ್ ಅವರ ಕಾರ್ನರ್‌ನಿಂದ, ಮುನ್ನಡೆ ಸ್ಟ್ರೋಕ್‌ನಿಂದ ಬಂತು. ಹರ್ಮನ್‌ಪ್ರೀತ್ ಅವರ ಫ್ಲಿಕ್‌ಗೆ ಸುಖ್‌ಜೀತ್ ಸ್ಟಿಕ್ ತಾಗಿಸಿ 2–2 ಮಾಡಿದರು. ಅಲ್ಲಿಯ ತನಕ ಎರಡೂ ಕಡೆ ನಿಂತ ಚೆಂಡಿನ ಗೋಲುಗಳೇ. 54ನೇ ನಿಮಿಷದಲ್ಲಿ ಚೆಂಡು ಓಡುತ್ತಿರುವಾಗಲೇ ಮಾರ್ಕೊ ಮಿಲ್ಟ್‌ಕಾವ್ ಗೋಲಿನ ಎದುರು ಸರಿಯಾದ ಜಾಗದಲ್ಲಿ ನಿಂತಿದ್ದರು, ಚೆಂಡಿನ ದಾರಿ ತಿರುಗಿಸಿದರು, ಫೈನಲ್ ಜರ್ಮನಿಗೆ ಹೋಯಿತು. ಕಾರ್ನರ್‌ಗಳು ಒಂದಕ್ಕೊಂದು ತೂಗಿ ಸಮವಾದಾಗ ಪಂದ್ಯವನ್ನು ಬಿಡಿಸುವುದು ಇಂಥ ಗೋಲು. ಯುರೋಪಿನ ಒಳ್ಳೆಯ ತಂಡಗಳಿಗೆ ಕಾರ್ನರ್ ಎರಡು ಕೈಗಳಲ್ಲಿ ಒಂದು, ನಮಗೆ ಅದೊಂದೇ ಕೈ.

ಕೋಚ್ ಕ್ರೇಗ್ ಫುಲ್ಟನ್ ಪರವಾಗಿ ವಾದಿಸುವವರು ಇಲ್ಲಿ ಎದ್ದು ನಿಲ್ಲುತ್ತಾರೆ. ದಕ್ಷಿಣ ಆಫ್ರಿಕಾದ ಫುಲ್ಟನ್ ಭಾರತಕ್ಕೆ ಬರುವ ಮುನ್ನ ವಿಶ್ವಕಪ್ ಮತ್ತು ಒಲಿಂಪಿಕ್ ಚಿನ್ನ ಗೆದ್ದ ಬೆಲ್ಜಿಯಂ ತಂಡದ ಸಹಾಯಕ ಕೋಚ್ ಆಗಿದ್ದವರು. ಗೆಲ್ಲುವುದಕ್ಕಾಗಿ ಮೊದಲು ರಕ್ಷಿಸು ಎಂಬುದು ಅವರ ಸೂತ್ರ. ಕೊನೆಯ ಐದು ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು ಅಳುತ್ತಿದ್ದ ತಂಡಕ್ಕೆ ಆ ಸೂತ್ರವೇ ಬೆನ್ನುಮೂಳೆ ಕೊಟ್ಟಿತು, ಒಲಿಂಪಿಕ್ಸ್‌ನಲ್ಲಿ 1972ರ ನಂತರ ಮೊದಲ ಬಾರಿಗೆ ಆಸ್ಟ್ರೇಲಿಯಾವನ್ನು ಸೋಲಿಸುವಂತೆ ಮಾಡಿತು, ಅದನ್ನು ಕೆಡಿಸಬೇಡಿ ಎಂದು ಅವರು ಹೇಳುತ್ತಾರೆ. ಕೆಡಿಸಬೇಕೆಂದು ನಾನೂ ಹೇಳುತ್ತಿಲ್ಲ. ಆದರೆ ರಕ್ಷಣೆಯಿಂದ ಗೆಲ್ಲುವ ತಂಡಕ್ಕೆ ಅವಕಾಶಗಳು ಕಡಿಮೆ ಸಿಗುತ್ತವೆ. ಕಡಿಮೆ ಅವಕಾಶ ಸಿಗುವ ತಂಡಕ್ಕೆ ಗುರಿ ತಪ್ಪದ ಫಾರ್ವರ್ಡ್‌ಗಳು ಇನ್ನೂ ಹೆಚ್ಚು ಬೇಕು. ಫುಲ್ಟನ್ ಅವರ ಸೂತ್ರವನ್ನು ಒಪ್ಪಿದವರೇ ಫೀಲ್ಡ್ ಗೋಲಿನ ಬರದ ಬಗ್ಗೆ ಎಲ್ಲರಿಗಿಂತ ಮೊದಲು ಚಿಂತಿಸಬೇಕು. ಆಸ್ಟ್ರೇಲಿಯಾ ವಿರುದ್ಧದ ಆ 3–2ರ ಜಯದಲ್ಲೂ ದಾರಿ ತೆರೆದದ್ದು ಅಭಿಷೇಕ್ ಹನ್ನೆರಡನೇ ನಿಮಿಷದಲ್ಲಿ ಹೊಡೆದ ಫೀಲ್ಡ್ ಗೋಲು. ಹರ್ಮನ್‌ಪ್ರೀತ್ ಅವರ ಎರಡು ಆಮೇಲೆ ಬಂದವು.

2025ರ ಜೂನ್‌ನಲ್ಲಿ ಪ್ರೊ ಲೀಗ್‌ನ ಯುರೋಪ್ ಚರಣದಲ್ಲಿ ಈ ಕೊರತೆಗೆ ಬೆಲೆ ತೆರಬೇಕಾಯಿತು. ನೆದರ್ಲೆಂಡ್ಸ್, ಅರ್ಜೆಂಟೀನಾ, ಆಸ್ಟ್ರೇಲಿಯಾ ಎದುರು ಎರಡೆರಡು ಸೋಲು, ಬೆಲ್ಜಿಯಂ ಎದುರು ಒಂದು. ಸತತ ಏಳು ಸೋಲಿನ ನಂತರ ಕೊನೆಯ ಪಂದ್ಯದಲ್ಲಿ ಬೆಲ್ಜಿಯಂ ಮೇಲೆ 4–3ರ ಗೆಲುವು. ಒಂಬತ್ತು ತಂಡಗಳ ಲೀಗ್‌ನಲ್ಲಿ ಎಂಟನೇ ಸ್ಥಾನ, ಹಿಂಬಡ್ತಿಯಿಂದ ಕೂದಲೆಳೆಯಲ್ಲಿ ಪಾರು. ಏಳು ಸೋಲುಗಳಲ್ಲಿ ಆರು ಒಂದೇ ಗೋಲಿನ ಅಂತರದವು. ಎಂಟು ಪಂದ್ಯದಲ್ಲಿ 26 ಗೋಲು ಬಿಟ್ಟುಕೊಟ್ಟ ತಂಡದ ರೋಗ ರಕ್ಷಣೆಯಲ್ಲಿದೆ, ದಾಳಿಯಲ್ಲಲ್ಲ ಎಂದು ವಾದಿಸಬಹುದು. ರಕ್ಷಣೆ ಸೋರಿತು, ನಿಜ. ಆದರೆ ಮುನ್ನಡೆಯನ್ನು ಎರಡಕ್ಕೆ ಏರಿಸಲಾಗದ ತಂಡ ಉಳಿದ ಹೊತ್ತೆಲ್ಲ ತನ್ನದೇ 23 ಮೀಟರ್ ಗೆರೆಯೊಳಗೆ ಕಾವಲು ಕಾಯಬೇಕಾಗುತ್ತದೆ. ಎಷ್ಟು ಗಟ್ಟಿಗರಾದರೂ ಆಸ್ಟ್ರೇಲಿಯಾದಂಥವರ ಅಲೆಗಳನ್ನು ಕಡೆಯ ಸೀಟಿಯ ತನಕ ತಡೆದು ನಿಲ್ಲಿಸುವುದು ಕಷ್ಟ. ದಾಳಿ ದುರ್ಬಲವಾದಷ್ಟೂ ರಕ್ಷಣೆಯ ಮೇಲಿನ ಭಾರ ಹೆಚ್ಚುತ್ತದೆ. ಎರಡನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆಯುವುದೇ ತಪ್ಪು.

ಅದಾದ ಎರಡೂವರೆ ತಿಂಗಳಿಗೆ ರಾಜಗೀರ್‌ನಲ್ಲಿ ಏಷ್ಯಾ ಕಪ್. ಫೈನಲ್‌ನಲ್ಲಿ ಕೊರಿಯಾ ಮೇಲೆ 4–1ರ ಗೆಲುವು. ಮೊದಲ ನಿಮಿಷದಲ್ಲೇ ಸುಖ್‌ಜೀತ್, ಆಮೇಲೆ ದಿಲ್‌ಪ್ರೀತ್ ಎರಡು ಸಲ, ಹೀಗೆ ನಾಲ್ಕರಲ್ಲಿ ಮೂರು ಗೋಲು ಫಾರ್ವರ್ಡ್‌ಗಳವೇ. ವಿಶ್ವಕಪ್ ಟಿಕೆಟ್ಟೂ ಸಿಕ್ಕಿತು. ಸಮಸ್ಯೆ ಬಗೆಹರಿಯಿತಲ್ಲ ಎಂದು ಕೇಳಿದವರಿದ್ದಾರೆ. ಇಲ್ಲಿ ಎಚ್ಚರ ಬೇಕು. ಅದೇ ಟೂರ್ನಿಯಲ್ಲಿ ಚೀನಾ ವಿರುದ್ಧ ಎರಡು ಪಂದ್ಯ ಆಡಿದೆವು. ಮೊದಲನೆಯದರಲ್ಲಿ ಚೀನಾ ಬಿಗಿಯಾಗಿ ನಿಂತಿತು. ನಾವು 4–3ರಿಂದ ಬಚಾವಾದೆವು, ನಾಲ್ಕೂ ಗೋಲು ಡಿಫೆಂಡರ್‌ಗಳಾದ ಹರ್ಮನ್‌ಪ್ರೀತ್ ಮತ್ತು ಜುಗರಾಜ್ ಅವರವು. ಒಂದು ವಾರದ ನಂತರ ಅದೇ ಚೀನಾ 0–7ರಿಂದ ಕುಸಿಯಿತು, ಏಳರಲ್ಲಿ ಆರು ಫಾರ್ವರ್ಡ್‌ಗಳ ಹೆಸರಿಗೆ ಹೋದವು. ಎದುರಾಳಿ ಸಡಿಲಾದಾಗ ನಮ್ಮ ಫಾರ್ವರ್ಡ್‌ಗಳು ಹೊಡೆಯುತ್ತಾರೆ, ಎದುರಾಳಿ ಬಿಗಿಯಾದಾಗ ಡಿಫೆಂಡರ್ ಕಡೆ ನೋಡುತ್ತಾರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜೋಡಿ ಪಂದ್ಯ ಸಿಗುವುದು ಕಷ್ಟ. ಏಷ್ಯಾದ ಅಂಕಿಗಳು ಹಿಂದೆಯೂ ನಮ್ಮನ್ನು ಮೋಸಗೊಳಿಸಿವೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಏಳು ಪಂದ್ಯದಲ್ಲಿ 68 ಗೋಲು ಹೊಡೆದ ತಂಡವೇ ಹತ್ತು ತಿಂಗಳ ಬಳಿಕ ಪ್ಯಾರಿಸ್‌ನಲ್ಲಿ ಮೂರು ಫೀಲ್ಡ್ ಗೋಲಿಗೆ ಬಂದು ನಿಂತದ್ದು. 2025ರ ನವೆಂಬರ್‌ನಲ್ಲಿ ಮಲೇಷ್ಯಾದ ಸುಲ್ತಾನ್ ಅಜ್ಲನ್ ಷಾ ಕಪ್‌ನಲ್ಲೂ ಅದೇ ಕಥೆ. ಕೆನಡಾಕ್ಕೆ 14 ಗೋಲು, ಫೈನಲ್‌ನಲ್ಲಿ ಬೆಲ್ಜಿಯಂ ಎದುರು ಸೊನ್ನೆ.

ಇನ್ನು ಹೆಸರುಗಳ ವಿಷಯ. ನನ್ನ ಲೆಕ್ಕದಲ್ಲಿ ಅಭಿಷೇಕ್ ಜಾಗದ ಬಗ್ಗೆ ಚರ್ಚೆಯೇ ಬೇಡ. ಸೋನಿಪತ್‌ನ ಈ ಹುಡುಗ ‘ಡಿ’ ಒಳಗೆ ಮೊದಲು ಗೋಲು ನೋಡುತ್ತಾರೆ, ಆಮೇಲೆ ಕಾಲು. ರಿವರ್ಸ್ ಸ್ಟಿಕ್‌ನಿಂದ ಹೊಡೆಯಲು ಅರ್ಧ ಹೆಜ್ಜೆ ಜಾಗ ಸಿಕ್ಕರೆ ಸಾಕು. ಪ್ಯಾರಿಸ್‌ನಲ್ಲಿ ಅವರ ಎರಡೂ ಗೋಲು ಬಂದದ್ದು ಬೆಲ್ಜಿಯಂ ಮತ್ತು ಆಸ್ಟ್ರೇಲಿಯಾ ವಿರುದ್ಧ ಎಂಬುದನ್ನು ಗಮನಿಸಬೇಕು. ಕೆಲವೊಮ್ಮೆ ಕೊಡಬೇಕಾದ ಪಾಸನ್ನೂ ತಾವೇ ಹೊಡೆದು ಕೆಡಿಸುತ್ತಾರೆ ಎಂಬ ದೂರು ಅವರ ಮೇಲಿದೆ. ಇರಲಿ, ಆ ಸ್ವಾರ್ಥ ಈ ತಂಡಕ್ಕೆ ಸದ್ಯ ಬೇಕಾದ ಔಷಧ. ಸುಖ್‌ಜೀತ್ ಪ್ರೆಸ್‌ನ ಜೀವಾಳ, ಅವರು ಓಡಿದರೆ ಉಳಿದವರೂ ಓಡುತ್ತಾರೆ, ಕೈಬಿಡುವ ಮಾತಿಲ್ಲ. ದಿಲ್‌ಪ್ರೀತ್ ವಿಚಿತ್ರ ಆಟಗಾರ. ಟೋಕಿಯೊದಲ್ಲಿ ಮಿಂಚಿದರು, ಪ್ಯಾರಿಸ್ ತಂಡದಲ್ಲಿ ಜಾಗವೇ ಸಿಗಲಿಲ್ಲ, ರಾಜಗೀರ್ ಫೈನಲ್‌ನಲ್ಲಿ ಮತ್ತೆ ಹೀರೊ. ಅವರ ಏರಿಳಿತ ಗೊತ್ತಿದ್ದೂ ನಾನು ಅವರ ಪರ. ದೊಡ್ಡ ಪಂದ್ಯದಲ್ಲಿ ಗೋಲು ಹೊಡೆದ ಅನುಭವ ಇರುವ ಫಾರ್ವರ್ಡ್‌ಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಮನ್‌ದೀಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜಲಂಧರ್‌ನ ಈ ಹಿರಿಯನಿಗೆ 2026ರಲ್ಲಿ 31 ತುಂಬಿದೆ. ಓಟ ಮೊದಲಿನಂತಿಲ್ಲ, ಸುಲಭದ ಅವಕಾಶ ಕೈಚೆಲ್ಲಿದಾಗ ಜನ ಅವರನ್ನೇ ಮೊದಲು ಬೈಯುವುದು. ಲಲಿತ್ 2025ರಲ್ಲಿ ನಿವೃತ್ತರಾದ ಮೇಲೆ ಈತನೂ ದಾರಿ ಬಿಡಲಿ ಎಂಬ ಕೂಗು ಸಹಜ. ಆದರೆ ಗೋಲುಪೆಟ್ಟಿಗೆಯ ಬಾಯಲ್ಲಿ, ಗೋಲ್‌ಕೀಪರ್‌ನ ಮೂಗಿನ ಕೆಳಗೆ ಸುಳಿದಾಡಿ, ಯಾರದೋ ಹೊಡೆತಕ್ಕೆ ಸ್ಟಿಕ್ ತಾಗಿಸಿ ದಿಕ್ಕು ಬದಲಿಸುವ ಕಸುಬು ಈ ತಂಡದಲ್ಲಿ ಅವರಷ್ಟು ಬಲ್ಲವರಿಲ್ಲ. ಪ್ಯಾರಿಸ್‌ನಲ್ಲಿ ಮಿಲ್ಟ್‌ಕಾವ್ ಮಾಡಿದ್ದು ಅದೇ ಕಸುಬು. ಅವರನ್ನು ಇಡೀ ಮೈದಾನ ಓಡಿಸಿ ದಣಿಸಿ, ಕೊನೆಗೆ ‘ಡಿ’ ಒಳಗೆ ಉಸಿರಿಲ್ಲದವನನ್ನಾಗಿ ಮಾಡಿ, ಗೋಲು ಹೊಡೆಯಲಿಲ್ಲ ಎಂದು ದೂರುವುದು ಯಾವ ನ್ಯಾಯ? ಮೂರು ಮತ್ತು ನಾಲ್ಕನೇ ಕ್ವಾರ್ಟರ್‌ಗಳಲ್ಲಿ, ಎದುರಾಳಿಯ ಕಾಲು ಭಾರವಾದಾಗ, ಚಿಕ್ಕ ಪಾಳಿಗಳಲ್ಲಿ ಅವರನ್ನು ಗೋಲಿನ ಹತ್ತಿರವೇ ಬಳಸಿದರೆ ಇನ್ನೊಂದು ಋತುವಿಗೆ ಸರಕು ಇದೆ. ಪ್ರೆಸ್ ಸ್ವಲ್ಪ ಸಡಿಲಾಗಬಹುದು. ಆ ನಷ್ಟವನ್ನು ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ.

ಒಡಿಶಾದ ಶಿಲಾನಂದ್ ಲಾಕ್ರಾ ಅವರನ್ನು ಸೇರಿಸಿದರೆ ಐವರಾಗುತ್ತಾರೆ, ಏಷ್ಯಾ ಕಪ್‌ಗೆ ಹೋದದ್ದೂ ಇವರೇ. ಆದರೆ ಈ ಐವರಲ್ಲಿ ಬಲಬದಿಯ ಗೆರೆಯನ್ನು ಅಂಟಿಕೊಂಡು ಓಡಿ, ಡಿಫೆಂಡರ್‌ನನ್ನು ಹಿಂದೆ ಹಾಕಿ, ಮೂಲೆಯಿಂದ ಚೆಂಡನ್ನು ಗೋಲಿನ ಮುಂದಕ್ಕೆ ಎಳೆದು ಕೊಡುವವರು ಯಾರು? ಎಲ್ಲರೂ ನಡುವಿಗೆ ಸರಿಯುತ್ತಾರೆ, ನಡುವೆಯೇ ಡಿಫೆಂಡರ್‌ಗಳ ಗೋಡೆಯೂ ಇರುತ್ತದೆ. ಈ ಜಾಗ ಖಾಲಿಯಾದದ್ದು ಸೋಮವಾರಪೇಟೆಯ ಎಸ್.ವಿ. ಸುನಿಲ್ 2021ರಲ್ಲಿ ನಿವೃತ್ತರಾದಾಗ. 264 ಪಂದ್ಯ, 72 ಗೋಲು ಎಂಬ ಅಂಕಿಗಳು ಅವರ ಅರ್ಧ ಕಥೆಯನ್ನಷ್ಟೇ ಹೇಳುತ್ತವೆ. ಅವರ ವೇಗಕ್ಕೆ ಹೆದರಿ ಎದುರಾಳಿ ರಕ್ಷಣೆ ಅಗಲವಾಗಿ ಹರಡಿಕೊಳ್ಳುತ್ತಿತ್ತು, ನಡುವೆ ಬೇರೆಯವರಿಗೆ ಜಾಗ ಸಿಗುತ್ತಿತ್ತು. ಸುನಿಲ್ ಆಡುವಾಗಲೂ ಗೋಲಿನ ಮುಂದೆ ನಾವು ಸಾಕಷ್ಟು ಪರದಾಡಿದ್ದೇವೆ, ಹಳೆಯದನ್ನು ಬಂಗಾರದ ಚೌಕಟ್ಟಿನಲ್ಲಿಡಬೇಕಿಲ್ಲ. ಆದರೂ ಅಗಲದಿಂದ ದಾಳಿ ಮಾಡುವ ಒಂದು ಬಗೆ ಆಗ ಇತ್ತು, ಈಗ ಅದು ಇಲ್ಲ.

ಕೊಡಗು ಭಾರತಕ್ಕೆ ಕೊಟ್ಟ ಫಾರ್ವರ್ಡ್‌ಗಳ ಸಾಲು ಉದ್ದವಾದದ್ದು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, ಆಮೇಲೆ ಅರ್ಜುನ್ ಹಾಲಪ್ಪ. ರಿಯೊ ಒಲಿಂಪಿಕ್ಸ್ ತಂಡದಲ್ಲಿ ಸುನಿಲ್, ರಘುನಾಥ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಎಂದು ಎಲ್ಲ ಸ್ಥಾನಗಳೂ ಸೇರಿ ಕೊಡಗಿನವರೇ ನಾಲ್ವರಿದ್ದರು. ಟೋಕಿಯೊ ಮತ್ತು ಪ್ಯಾರಿಸ್ ತಂಡಗಳಲ್ಲಿ ಕರ್ನಾಟಕದ ಒಬ್ಬರೂ ಇಲ್ಲ. ಹಾಗೆಂದು ಇಲ್ಲಿ ಆಟವೇನೂ ಬತ್ತಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಬರೆದವು. ರಾಷ್ಟ್ರೀಯ ತಂಡ ತಾಲೀಮು ನಡೆಸುವುದೂ ಬೆಂಗಳೂರಿನ ಸಾಯ್ ಕೇಂದ್ರದಲ್ಲೇ. ಆದರೂ ಏಳು ವರ್ಷ ನಿಂತಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಎಂಟು ಪುರುಷರ ತಂಡಗಳೊಂದಿಗೆ ಮರಳಿದಾಗ ಕರ್ನಾಟಕದ ಹೆಸರಿನ ತಂಡ ಅದರಲ್ಲಿರಲಿಲ್ಲ. ಬೆಂಗಳೂರಿನ ಮೊಹಮ್ಮದ್ ರಾಹೀಲ್ ಅಜ್ಲನ್ ಷಾ ಕಪ್‌ನಲ್ಲಿ ಕೊರಿಯಾ ವಿರುದ್ಧ 1–0ರ ಗೆಲುವಿನ ಆ ಒಂದು ಗೋಲು ಹೊಡೆದದ್ದು ನಮ್ಮವರಿಗೆ ಸಮಾಧಾನ ತಂದಿರಬಹುದು. ಐದು ಮಂದಿಯ ಕಿರು ಅಂಗಳದ ಹಾಕಿಯಲ್ಲಿ ಪಳಗಿದ ಅವರ ಚುರುಕು ಕೈ ‘ಡಿ’ ಒಳಗಿನ ಇಕ್ಕಟ್ಟಿಗೆ ಒಗ್ಗುವಂಥದ್ದು. ನಮ್ಮ ಊರಿನವರು ಎಂಬ ಕಾರಣಕ್ಕೆ ಅವರನ್ನು ವಿಶ್ವಕಪ್‌ಗೆ ಒಯ್ಯಬೇಕೆಂದು ಕೇಳುವುದಿಲ್ಲ. ಈ ಕೈಚಳಕದ ಕಾರಣಕ್ಕೆ ಪ್ರೊ ಲೀಗ್‌ನಲ್ಲಿ ನಿಜವಾದ ಅವಕಾಶ ಕೊಟ್ಟು ನೋಡಬೇಕೆಂದು ಕೇಳಬಹುದು.

ಹಾಕಿ ಇಂಡಿಯಾ ಲೀಗ್‌ನ ಮಾತು ಬಂದದ್ದರಿಂದ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 2016 ಮತ್ತು 2017ರ ಆವೃತ್ತಿಗಳಲ್ಲಿ ಅಲ್ಲಿ ಪ್ರತಿ ಫೀಲ್ಡ್ ಗೋಲನ್ನು ಎರಡು ಗೋಲೆಂದು ಎಣಿಸುತ್ತಿದ್ದರು. ಆಗ ಬಹಳ ಮಂದಿ ಅದನ್ನು ತಮಾಷೆ ಮಾಡಿದರು, ಅಂಕಗಳು ವಿಪರೀತ ಉಬ್ಬುತ್ತಿದ್ದವು ನಿಜ. ಆದರೆ ಕಾಲು ಹುಡುಕುವ ಚಟ ಬಿಡಿಸಲು ಅದಕ್ಕಿಂತ ನೇರವಾದ ಉಪಾಯ ಯಾರೂ ಮಾಡಿಲ್ಲ. ಅಂತರರಾಷ್ಟ್ರೀಯ ನಿಯಮ ಬೇರೆ ಇರುವಾಗ ಲೀಗ್‌ನಲ್ಲಿ ಅದನ್ನು ಮತ್ತೆ ತರುವುದು ಕಷ್ಟವಿರಬಹುದು. ತಾಲೀಮಿನ ಪಂದ್ಯಗಳಲ್ಲಿ, ಜೂನಿಯರ್ ಮಟ್ಟದಲ್ಲಿ ತರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಚೆನ್ನೈನಲ್ಲಿ 2025ರ ಡಿಸೆಂಬರ್‌ನಲ್ಲಿ ಶ್ರೀಜೇಶ್ ತರಬೇತಿಯ ಜೂನಿಯರ್ ತಂಡ ಅರ್ಜೆಂಟೀನಾ ಎದುರು 0–2ರ ಹಿನ್ನಡೆಯಿಂದ ಎದ್ದು ಕೊನೆಯ ಕ್ವಾರ್ಟರ್‌ನಲ್ಲಿ ನಾಲ್ಕು ಗೋಲು ಹೊಡೆದು ವಿಶ್ವಕಪ್ ಕಂಚು ಗೆದ್ದದ್ದು ಎದೆ ತುಂಬಿಸಿತು. ಅದಕ್ಕೂ ಮೊದಲು ಸೆಮಿಫೈನಲ್‌ನಲ್ಲಿ ಜರ್ಮನಿಯ ಹುಡುಗರು 5–1ರಿಂದ ಸದೆಬಡಿದದ್ದನ್ನೂ ಜತೆಗೆ ಓದಿಕೊಳ್ಳಬೇಕು. ಹಿರಿಯರ ಕೊರತೆ ಕಿರಿಯರಲ್ಲೂ ಬೇರು ಬಿಟ್ಟಿದೆ ಎಂಬ ಅನುಮಾನ ನನ್ನದು.

ಕೊನೆಯ ಆಕ್ಷೇಪ ಲೆಕ್ಕಾಚಾರದ್ದು. ಒಲಿಂಪಿಕ್ಸ್ ಟಿಕೆಟ್ ಇರುವುದು ಏಷ್ಯನ್ ಗೇಮ್ಸ್‌ನಲ್ಲಿ, ಅಲ್ಲಿ ಈಗಿನ ಆಟವೇ ಸಾಕು, ವಿಶ್ವಕಪ್‌ಗಾಗಿ ತಂಡದ ಸ್ವಭಾವ ಬದಲಿಸುವ ಸಾಹಸ ಏಕೆ ಎಂದು ಕೇಳುತ್ತಾರೆ. ಐಚಿ–ನಗೋಯಾದಲ್ಲಿ ಚಿನ್ನಕ್ಕೆ ಮೊದಲ ಹಕ್ಕುದಾರ ಭಾರತವೇ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಟಿಕೆಟ್ ತೆಗೆದುಕೊಂಡು ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಎದುರು ನಿಲ್ಲುವವರು ಇದೇ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್. 2028ಕ್ಕೆ ಹರ್ಮನ್‌ಪ್ರೀತ್ 32 ದಾಟಿರುತ್ತಾರೆ. ಬದಲಾವಣೆಯನ್ನು ಪರೀಕ್ಷಿಸಲು ವಿಶ್ವಕಪ್‌ಗಿಂತ ಒಳ್ಳೆಯ ಜಾಗ ಲಾಸ್ ಏಂಜಲೀಸ್‌ಗೆ ಮೊದಲು ಸಿಗುವುದಿಲ್ಲ. ಈಗಿರುವ ರೀತಿಯಲ್ಲೇ ಹೋದರೆ ಆಗಸ್ಟ್‌ನಲ್ಲಿ ನಾನು ನಿರೀಕ್ಷಿಸುವುದು ಐದರಿಂದ ಎಂಟರೊಳಗಿನ ಒಂದು ಸ್ಥಾನ. ಯುರೋಪಿನ ತಂಡಗಳ ಎದುರಿನ ಗೋಲುಗಳಲ್ಲಿ ಅರ್ಧದಷ್ಟಾದರೂ ತೆರೆದ ಆಟದಿಂದ ಬರತೊಡಗಿದರೆ ಸೆಮಿಫೈನಲ್ ದೂರವಿಲ್ಲ. ಅದಕ್ಕೆ ಅಭಿಷೇಕ್, ಸುಖ್‌ಜೀತ್, ದಿಲ್‌ಪ್ರೀತ್, ಕಡಿಮೆ ನಿಮಿಷಗಳ ಮನ್‌ದೀಪ್ ನನ್ನ ಪಟ್ಟಿಯಲ್ಲಿದ್ದಾರೆ. ಐದನೇ ಜಾಗವನ್ನು ಪ್ರೊ ಲೀಗ್ ಮುಗಿಯುವ ತನಕ ಖಾಲಿ ಇಟ್ಟು, ಅಲ್ಲಿ ಯಾರು ಎಷ್ಟು ಕಾರ್ನರ್ ತಂದರು ಎಂದು ನೋಡದೆ, ಯಾರು ಎಷ್ಟು ಸಲ ನೇರ ಗೋಲಿಗೆ ಹೊಡೆದರು ಎಂಬುದನ್ನು ನೋಡಿ ತುಂಬಬೇಕು.